ಆಂಟೆನಾ ತಿರುಗಿಸುವ ಸುಖ

ಮನುಷ್ಯನ ವಿನೋದಗಳಲ್ಲಿ ಕೆಲವಕ್ಕೆ ಶಾಸ್ತ್ರವುಂಟು, ಗುರುಪರಂಪರೆಯುಂಟು, ಬಲ್ಲವರ ಗೋಷ್ಠಿಯಲ್ಲಿ ಮನ್ನಣೆಯೂ ಉಂಟು. ವೀಣೆ ನುಡಿಸುವವನನ್ನೂ ಚದುರಂಗವಾಡುವವನನ್ನೂ ಲೋಕವು ರಸಿಕನೆಂದು ಕರೆಯುತ್ತದೆ. ಆದರೆ ಇಳಿಹೊತ್ತಿನಲ್ಲಿ ಹಂಚಿನ ಮಾಡಿಗೆ ಏಣಿ ಒರಗಿಸಿ ಮೇಲೇರಿ, ಕಬ್ಬಿಣದ ಕೊಳವೆಯೊಂದನ್ನು ಎರಡು ಕೈಗಳಿಂದಲೂ ತಬ್ಬಿ ಹಿಡಿದು, ಅದನ್ನು ಅಂಗುಲ ಅಂಗುಲವಾಗಿ ತಿರುಗಿಸುತ್ತ ನಿಂತವನನ್ನು ರಸಿಕನೆಂದವರನ್ನು ನಾನು ಕಾಣೆನು. ಮನೆಯವರ ಪಾಲಿಗೆ ಅವನು ಟೀವಿ ಸರಿಮಾಡುವವನು, ಅಷ್ಟೆ. ಆದರೂ ಆ ಕೆಲಸದಲ್ಲಿ ನಾನು ಅನುಭವಿಸಿದ ಸುಖವನ್ನು ಟೀವಿಯ ಯಾವ ಕಾರ್ಯಕ್ರಮವೂ ನನಗೆ ಕೊಟ್ಟುದಿಲ್ಲ.

ತೀರ್ಥಹಳ್ಳಿ ಸೀಮೆಯ ಮನೆಗಳು ಇರುವ ನೆಲೆಯೇ ಈ ವಿದ್ಯೆಗೆ ಕಾರಣ. ಅಡಿಕೆಗೆ ನೀರು ಬೇಕು, ನೆರಳು ಬೇಕು, ಗಾಳಿಯ ಹೊಡೆತ ತಪ್ಪಬೇಕು. ಆದುದರಿಂದ ನಮ್ಮ ಪೂರ್ವಿಕರು ಎರಡು ಗುಡ್ಡಗಳ ನಡುವಣ ಕಣಿವೆಯನ್ನು ಹುಡುಕಿ ತೋಟ ಮಾಡಿದರು, ತೋಟದ ತಲೆಯಲ್ಲೇ ಮನೆ ಕಟ್ಟಿದರು. ಟೀವಿಯ ಅಲೆಗಳಾದರೋ ಬಹುಮಟ್ಟಿಗೆ ನೇರವಾಗಿ ಸಾಗತಕ್ಕವು. ಗುಡ್ಡದ ನೆತ್ತಿಯನ್ನು ಸವರಿಕೊಂಡು ಅವು ಹೊರಟುಹೋಗುತ್ತವೆಯಲ್ಲದೆ ಕಣಿವೆಗೆ ಇಳಿದು ಬರುವ ಸೌಜನ್ಯವನ್ನು ತೋರಿಸುವುದು ಅಪರೂಪ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು 1981ರ ನವೆಂಬರಿನಲ್ಲಿ ಆರಂಭವಾಯಿತು. 1983ರಲ್ಲಿ ಇನ್‌ಸಾಟ್–1ಬಿ ಉಪಗ್ರಹವು ಮೇಲೇರಿದ ತರುವಾಯ ಊರೂರಿಗೆ ಸಣ್ಣ ಪ್ರಸಾರಕಗಳು ಬಂದವು. ನಮ್ಮ ತಾಲೂಕಿನ ಆಗುಂಬೆಯಲ್ಲೇ ಶಂಕರನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ದೆಹಲಿಗೆ ಹೋಗಿ, ಆಕಾಶಕ್ಕೇರಿ, ಭೂಮಿಗಿಳಿದು, ಕಟ್ಟಕಡೆಗೆ ಪಕ್ಕದ ಗುಡ್ಡವನ್ನು ದಾಟಲಾರದೆ ನಮ್ಮ ಜಗಲಿಯಲ್ಲಿ ಬರಿಯ ಚುಕ್ಕಿಯಾಗಿ ಕಾಣಿಸಿಕೊಂಡಿತು! ಮಾತು ಮಾತ್ರ ಒಂದಿಷ್ಟು ಸ್ಪಷ್ಟವಾಗಿಯೇ ಕೇಳುತ್ತಿತ್ತು. ಏಕೆಂದರೆ ಧ್ವನಿಯನ್ನು ಅವರು ಕಳುಹಿಸುತ್ತಿದ್ದುದು ಸದ್ದುಗದ್ದಲವನ್ನು ಹೆಚ್ಚು ತಾಳಿಕೊಳ್ಳುವ ಎಫ್.ಎಂ. ಕ್ರಮದಲ್ಲಿ, ಚಿತ್ರವನ್ನು ಹಾಗಲ್ಲ.

ಈ ಸಂಕಟಕ್ಕೆ ಪರಿಹಾರವು ಜಪಾನಿನಿಂದ ಬಂದುದು. ತೊಹೊಕು ವಿಶ್ವವಿದ್ಯಾಲಯದ ಉಡಾ, ಯಾಗಿ ಎಂಬಿಬ್ಬರು 1926ರಲ್ಲಿ ಲೋಕದ ಮುಂದಿಟ್ಟ ವಿನ್ಯಾಸವೇ ನಮ್ಮ ಮಾಡುಗಳ ಮೇಲೆ ಕಾಗೆಗಳಿಗೆ ಆಸನವಾದ ಅಲ್ಯುಮಿನಿಯಂ ಕಡ್ಡಿಗಳ ಸಾಲು. ಅದರಲ್ಲಿ ತಂತಿಯೊಡನೆ ಸಂಬಂಧವಿರುವುದು ಮಡಿಸಿದ ಒಂದೇ ಒಂದು ಕಡ್ಡಿಗೆ. 174ರಿಂದ 230 ಮೆಗಾಹರ್ಟ್ಸಿನ ಪಟ್ಟಿಯಲ್ಲಿ ಬರುವ ಚಾನೆಲ್ಲಿಗೆ ಅದರ ಉದ್ದ ಮುಕ್ಕಾಲು ಮೀಟರಿನ ಆಸುಪಾಸು, ಅಂದರೆ ಅಲೆಯ ಅರ್ಧ. ಅದರ ಹಿಂದೆ ತುಸು ಉದ್ದವಾದ ಕಡ್ಡಿ, ಮುಂದೆ ತುಸು ಗಿಡ್ಡವಾದ ಕಡ್ಡಿಗಳು. ಇವು ತಂತಿಗೆ ಅಂಟಿಕೊಳ್ಳದೆ ಸುಮ್ಮನೆ ನಿಂತೇ, ಒಂದು ದಿಕ್ಕಿನಿಂದ ಬಂದುದನ್ನು ನಡುವಿನ ಕಡ್ಡಿಗೆ ಕೂಡಿಸಿಕೊಟ್ಟು, ಬೆನ್ನ ಹಿಂದಿನಿಂದ ಬಂದುದನ್ನು ತಡೆಯುತ್ತವೆ. ಗಿಡ್ಡ ಕಡ್ಡಿ ನೋಡುವ ಕಡೆಯೇ ಆಂಟೆನಾದ ಮುಖವೆಂಬ ಸೂತ್ರವನ್ನು ಶಾಲೆಯ ಮೆಟ್ಟಿಲು ಹತ್ತದವರೂ ನಮ್ಮಲ್ಲಿ ಬಲ್ಲರು.

1987ರಲ್ಲಿ ‘ರಾಮಾಯಣ’ ಧಾರಾವಾಹಿ ಆರಂಭವಾದ ಮೇಲೆ, ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ನೆರೆಯುವ ನೆಂಟರಿಷ್ಟರೆದುರು ಮಾನ ಉಳಿಸಿಕೊಳ್ಳುವುದಕ್ಕಾಗಿ, ಶನಿವಾರ ಸಂಜೆಯೇ ನಾನು ಮಾಡು ಹತ್ತುವುದು ಪದ್ಧತಿಯಾಯಿತು. ಮಗಳು ಟೀವಿಯ ಮುಂದೆ, ಅವಳ ತಾಯಿ ಅಂಗಳದಲ್ಲಿ, ನಾನು ಮೇಲೆ.

“ಈಗ ಹ್ಯಾಗೆ?”

“ಅಪ್ಪಯ್ಯಾ, ಬಂತು! ಬಂತು! ಅಯ್ಯೋ, ಹೋಯ್ತು!”

“ಹೋಯ್ತಂತೆ ಮಾರಾಯ್ರೇ, ಮೊದಲಿದ್ದ ಹಾಂಗೇ ಬಿಡಿ!” ಎಂದು ಅಂಗಳದ ತೀರ್ಪು.

ಆದರೆ ಮೊದಲಿದ್ದ ಹಾಗೆ ಎಂಬುದು ಎಲ್ಲಿತ್ತು? ಹುಡುಕುತ್ತ ಹೋದಂತೆ ತಿಳಿದುಬಂದುದೇನೆಂದರೆ, ಎತ್ತರವಾದಷ್ಟೂ ಒಳ್ಳೆಯದೆಂಬ ಲೋಕರೂಢಿಯು ಪೂರ್ಣಸತ್ಯವಲ್ಲ. ನೇರವಾಗಿ ಬಂದ ಅಲೆಯೂ ನೆಲಕ್ಕೆ ತಾಗಿ ಚಿಮ್ಮಿದ ಅಲೆಯೂ ಒಂದೆಡೆ ಪರಸ್ಪರ ಕೂಡುತ್ತವೆ, ಮತ್ತೊಂದೆಡೆ ಪರಸ್ಪರ ಕಳೆಯುತ್ತವೆ. ಆದ್ದರಿಂದ ಕೊಳವೆಯನ್ನು ಎರಡಡಿ ಇಳಿಸಿದಾಗಲೇ ಚಿತ್ರ ತಿಳಿಯಾಗುವುದುಂಟು, ಮಾಡಿನ ಈ ಮೂಲೆಯಲ್ಲಿ ಸಿಕ್ಕದುದು ಆ ಮೂಲೆಯಲ್ಲಿ ಸಿಕ್ಕುವುದುಂಟು.

ಎಲ್ಲಕ್ಕಿಂತಲೂ ನನ್ನನ್ನು ಬೆರಗುಗೊಳಿಸಿದುದು ನೆರಳಿನ ವಿಚಾರ. ವಾರ್ತೆ ಓದುವಾಕೆಯ ಬಲಮಗ್ಗುಲಿಗೆ ಅವಳದೇ ಮಸುಕಾದ ಇನ್ನೊಂದು ಆಕೃತಿ ನಿಂತಿರುತ್ತಿತ್ತು. ಅದು ಎದುರಿನ ಬೋಳುಬಂಡೆಗೆ ತಾಗಿ, ಸುತ್ತು ಹಾಕಿಕೊಂಡು, ತಡವಾಗಿ ಬಂದ ಅಲೆಯ ಪ್ರತಿಬಿಂಬ. ಪರದೆಯ ಮೇಲಿನ ಒಂದು ಗೆರೆಯನ್ನು ಟೀವಿಯು 52 ಮೈಕ್ರೊಸೆಕೆಂಡಿನಲ್ಲಿ ಎಳೆಯುತ್ತದೆ. ಅಲೆಯು ಒಂದು ಮೈಕ್ರೊಸೆಕೆಂಡಿನಲ್ಲಿ 300 ಮೀಟರು ಓಡುತ್ತದೆ. ಇಪ್ಪತ್ತು ಅಂಗುಲದ ಟೀವಿಯ ಅಗಲ ಸುಮಾರು 40 ಸೆಂಟಿಮೀಟರು. ಅಂದಮೇಲೆ ನೆರಳು ಒಂದು ಸೆಂಟಿಮೀಟರು ಸರಿದಿದ್ದರೆ ಅಲೆಯು ಸುಮಾರು 400 ಮೀಟರು ಹೆಚ್ಚಿಗೆ ಅಲೆದು ಬಂದಿತೆಂದಾಯಿತು. ಮಗಳ ಅಡಿಪಟ್ಟಿಯನ್ನು ಗಾಜಿಗೆ ಹಿಡಿದು, ಕುಳಿತಲ್ಲಿಂದಲೇ ಗುಡ್ಡದ ದೂರವನ್ನು ಅಳೆಯುವ ಭೂಮಾಪಕನ ಹೆಮ್ಮೆ ಆ ಕ್ಷಣದಲ್ಲಿ ನನ್ನದಾಗುತ್ತಿತ್ತು. ಕೊನೆಗೊಮ್ಮೆ, ನೇರ ಅಲೆಯು ಬಡವಾಗಿ ಬಂಡೆಯಿಂದ ಚಿಮ್ಮಿದುದೇ ಪುಷ್ಟವಾಗಿರುವುದನ್ನು ಕಂಡು, ಆಂಟೆನಾವನ್ನು ಪ್ರಸಾರಕಕ್ಕೆ ಬೆನ್ನುಮಾಡಿ ಬಂಡೆಯ ಕಡೆಗೇ ತಿರುಗಿಸಿಬಿಟ್ಟೆನು. ನೆರೆಹೊರೆಯವರು ನಕ್ಕರು, ಚಿತ್ರವು ಮಾತ್ರ ನೆರಳಿಲ್ಲದೆ ನಿಂತಿತು.

ದಿಕ್ಕು ಸಿಕ್ಕಿದ ಮೇಲೆ ಉಳಿಯುವುದು ಮಳೆಗಾಲದೊಡನೆ ಜಗಳ. ಕಡ್ಡಿಯ ನಡುವಿನ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಕಣಜದ ಮಣ್ಣಿನ ಗೂಡು, ತಿರುಪುಗಳ ತಲೆಗೆ ತುಕ್ಕು, ತಾಮ್ರದ ಎಳೆಗಳಿಗೆ ಹಸಿರು ಕಿಲುಬು. ಚೂರಿಯ ಮೊನೆಯಿಂದ ಕೆರೆದು, ತಾಮ್ರವು ಕೆಂಪಗೆ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿದು, ಡಬ್ಬಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ, ತಂತಿಯು ಮನೆಯೊಳಕ್ಕೆ ಹೋಗುವ ಮುನ್ನ ನೀರು ತೊಟ್ಟಿಕ್ಕಿ ಹೋಗುವಂತೆ ಒಂದು ಬಳುಕು ಕೆಳಗೆ ಬಿಟ್ಟರೆ, ಅಂಗಡಿಯವನು ಬೂಸ್ಟರಿನಿಂದ ಆದೀತೆಂದ ಕೆಲಸದ ಬಹುಭಾಗವು ಹಾಗೆಯೇ ಆಗಿಹೋಗುತ್ತದೆ. ಬೂಸ್ಟರೆಂಬುದು ಚಿತ್ರವನ್ನೂ ಚುಕ್ಕಿಯನ್ನೂ ಸಮದೃಷ್ಟಿಯಿಂದ ಹಿಗ್ಗಿಸುವ ಯಂತ್ರ. ಟೀವಿಯ ಪಕ್ಕದಲ್ಲಿಟ್ಟರೆ ಅದು ಒಗ್ಗರಣೆಯ ಸದ್ದಿನಂತೆ, ಅಡುಗೆಗೇನೂ ಸೇರಿಸದು. ತಂತಿಯಲ್ಲಿ ಸೊರಗುವ ಮೊದಲೇ ಅಲೆಗೆ ಬಲ ಕೊಡಬೇಕಾದರೆ ಅದನ್ನು ಮೇಲೆ, ಆಂಟೆನಾದ ಬುಡದಲ್ಲೇ ಕಟ್ಟತಕ್ಕದ್ದು. ಮುಂಗಾರಿಗೆ ಮುನ್ನಿನ ಗುಡುಗಿನ ದಿನಗಳಲ್ಲಿ, ಮೋಡ ಕವಿಯುವ ಮೊದಲೇ ಟೀವಿಯಿಂದ ತಂತಿಯನ್ನು ಕಿತ್ತಿಡುವುದನ್ನು ಮಾತ್ರ ಯಾವ ರಸಿಕನೂ ಮರೆಯತಕ್ಕದ್ದಲ್ಲ.

ಈಗ ಮಾಡಿನ ಮೇಲೆ ಡಿಶ್ ಕುಳಿತಿದೆ. ದೂರದರ್ಶನದ ಹಳೆಯ ಭೂಪ್ರಸಾರಕಗಳು ಬಹುತೇಕ ಮೌನವಾಗಿವೆ. ಆಕಾಶವನ್ನೇ ನೋಡುವ ಡಿಶ್ಶಿಗೆ ನಮ್ಮ ಗುಡ್ಡಗಳ ಪರಿಚಯವಿಲ್ಲ. ಆಂಟೆನಾ ತಿರುಗಿಸಿದವನಿಗಾದರೋ ತನ್ನ ಕಣಿವೆಯ ಯಾವ ಬಂಡೆ ಬೆಳಕನ್ನಷ್ಟೇ ಅಲ್ಲದೆ ಅಲೆಯನ್ನೂ ಹಿಂದಕ್ಕೆ ಕೊಡುತ್ತದೆಂಬುದು ಗೊತ್ತು. ಡಿಶ್ ಬಂತೆಂದು ಆ ವಿದ್ಯೆಯು ನಿರುಪಯುಕ್ತವಾಯಿತೆಂದು ತಿಳಿಯಬಾರದು. ಆಕಾಶವಾಣಿಯ ಎಫ್.ಎಂ. ಇನ್ನೂ ಅದೇ ಗುಡ್ಡಗಳ ಮೇಲೆ ಹಾಯ್ದು ಬರುತ್ತಿದೆ. ನಿಮ್ಮ ಅಟ್ಟದಲ್ಲಿ ಹಳೆಯ ಟೀವಿ ಆಂಟೆನಾ ಬಿದ್ದಿದ್ದರೆ ಗುಜರಿಯವನಿಗೆ ಕೊಡಬೇಡಿರಿ. ಅದರ ಎರಡು ಉದ್ದ ಕಡ್ಡಿಗಳನ್ನು 71 ಸೆಂಟಿಮೀಟರಿಗೆ ಕತ್ತರಿಸಿ, ಒಂದಕ್ಕೊಂದು ತಾಗದಂತೆ ಒಣಮರದ ತುಂಡಿನ ಮೇಲೆ ಸಾಲಾಗಿ ಬಿಗಿದು, ನಡುವಿನಿಂದ ತಂತಿ ಇಳಿಸಿರಿ. 100 ಮೆಗಾಹರ್ಟ್ಸಿನ ಸುತ್ತಮುತ್ತಲಿನ ನಿಲಯಗಳಿಗೆ ಅಷ್ಟು ಸಾಕು.