ಹಸ್ತಾಕ್ಷರದ ಮೋಹ

ಮಹಾಪುರುಷರ ಕೈಬರಹವನ್ನು ಕಾಣಬೇಕೆಂಬ ಆಸೆ ವಿದ್ಯಾಭಿಮಾನಿಗಳಿಗೆ ಸಹಜವಾದುದು. ಅಚ್ಚಾದ ಗ್ರಂಥದಲ್ಲಿ ವಿಜ್ಞಾನಿಯ ಸಿದ್ಧಾಂತ ಮಾತ್ರ ದೊರೆಯುತ್ತದೆ; ಅವನ ಪತ್ರದಲ್ಲಾದರೋ ಅವನು ಹೊಡೆದುಹಾಕಿದ ಸಾಲೂ, ಕಡೆಯಲ್ಲಿ ಹಾಕಿದ ರುಜುವೂ ಕಾಣುತ್ತವೆ. ಇಂತಹ ಪತ್ರಗಳಿಗಾಗಿ ಅಪಾರ ಧನವನ್ನು ವ್ಯಯಮಾಡುವವರನ್ನು ನಾವು ಹಳಿಯುವುದಿಲ್ಲ. ಆದರೆ ಮೋಹವು ವಿವೇಕವನ್ನು ಮೀರಿದರೆ ಆಗುವ ಅನರ್ಥಕ್ಕೆ ಒಂದು ದೃಷ್ಟಾಂತವನ್ನು ವಾಚಕರ ಮುಂದಿಡುತ್ತೇವೆ.

ಪ್ಯಾರಿಸ್ ನಗರದ ಮಿಷೆಲ್ ಶಾಲ್ ಎಂಬವನು ರೇಖಾಗಣಿತದಲ್ಲಿ ಮಹಾಪಂಡಿತನು. 1837ರಲ್ಲಿ ಪ್ರಕಟವಾದ ಅವನ ರೇಖಾಗಣಿತದ ಇತಿಹಾಸದಲ್ಲಿ ನಮ್ಮ ಬ್ರಹ್ಮಗುಪ್ತನ ಕ್ಷೇತ್ರಗಣಿತದ ವಿಮರ್ಶೆಯೂ ಇದೆ. ಇಂತಹ ವಿದ್ವಾಂಸನಿಗೆ ವ್ರೆನ್ ಲೂಕಾ ಎಂಬ ಧೂರ್ತನ ಪರಿಚಯವಾಯಿತು. ಲೂಕಾ ಹಳೆಯ ಪುಸ್ತಕಗಳ ಬರಿಯ ಹಾಳೆಗಳನ್ನು ಹರಿದು ತಂದು, ತಾನೇ ಪತ್ರಗಳನ್ನು ಬರೆದು, ಮಹನೀಯರ ಹೆಸರಿನಲ್ಲಿ ರುಜು ಹಾಕಿ ಮಾರುತ್ತಿದ್ದನು. ಕ್ರಾಂತಿಯ ಕಾಲದಲ್ಲಿ ದೇಶಬಿಟ್ಟ ಪ್ರಭುವೊಬ್ಬನ ಸಂಗ್ರಹವಿದೆಂದು ಅವನು ಕಟ್ಟಿದ ಕಥೆಯನ್ನು ಶಾಲನು ನಂಬಿದನು. ಹೀಗೆ ಕೊಂಡ ಪತ್ರಗಳು ಇಪ್ಪತ್ತೇಳು ಸಾವಿರವನ್ನು ಮೀರಿದುವು. ತೆತ್ತ ಹಣ ಲಕ್ಷ ಫ್ರಾಂಕುಗಳಿಗೂ ಮಿಕ್ಕಿತು. ಗೆಲಿಲಿಯೋ, ಪಾಸ್ಕಲ್, ನ್ಯೂಟನ್ ಇವರ ಪತ್ರಗಳಿರಲಿ, ಕ್ಲಿಯೋಪಾತ್ರಳು ಸೀಸರನಿಗೆ ಬರೆದ ಓಲೆಯೂ ಅಲ್ಲಿದ್ದಿತು. ಅದೂ ಫ್ರೆಂಚ್ ಭಾಷೆಯಲ್ಲಿ!

ಹಣ ಹೋದುದಷ್ಟೇ ಆಗಿದ್ದರೆ ನಕ್ಕು ಬಿಡಬಹುದಾಗಿತ್ತು. 1867ರಲ್ಲಿ ಶಾಲನು ಈ ಪತ್ರಗಳನ್ನು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟು, ಗುರುತ್ವಾಕರ್ಷಣ ನಿಯಮವನ್ನು ಮೊದಲು ಕಂಡವನು ನ್ಯೂಟನನಲ್ಲ, ಪಾಸ್ಕಲನೆಂದು ವಾದಿಸಿದನು. ಪಾಸ್ಕಲನು ನ್ಯೂಟನನಿಗೆ ಬರೆದನೆಂಬ ಒಂದು ಪತ್ರದ ತೇದಿ 1654. ಆಗ ನ್ಯೂಟನನು ಹನ್ನೊಂದು ವರ್ಷದ ಬಾಲಕ! ಇದನ್ನು ಇತರರು ಎತ್ತಿತೋರಿಸಿದರೂ ಶಾಲನು ಎರಡು ವರ್ಷ ಹಟ ಹಿಡಿದನು. ಸ್ವದೇಶದ ಕೀರ್ತಿಯ ಆಸೆ ಅವನ ಕಣ್ಣು ಕಟ್ಟಿತ್ತು. 1869ರಲ್ಲಿ ವಂಚನೆ ಬಯಲಾಯಿತು. 1870ರಲ್ಲಿ ಲೂಕಾನಿಗೆ ಎರಡು ವರ್ಷದ ಸೆರೆಯಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಸಾಪೇಕ್ಷತಾ ಸಿದ್ಧಾಂತವನ್ನು ಕುರಿತ 1905ರ ಲೇಖನದ ಮೂಲಪ್ರತಿಯನ್ನು ಐನ್‌ಸ್ಟೈನರು ಉಳಿಸಿಕೊಂಡಿರಲಿಲ್ಲ. 1943ರಲ್ಲಿ, ಅಮೆರಿಕದ ಯುದ್ಧಸಾಲಕ್ಕೆ ನೆರವಾಗಲೆಂದು, ಕಾರ್ಯದರ್ಶಿನಿ ಓದಿ ಹೇಳುತ್ತಿರಲು ಅವರು ಅದನ್ನು ಮತ್ತೆ ಕೈಯಾರೆ ಬರೆದುಕೊಟ್ಟರು. ಮರುವರ್ಷ ಕಾನ್ಸಾಸ್ ನಗರದ ಹರಾಜಿನಲ್ಲಿ ಆ ಪ್ರತಿಯ ನಿಮಿತ್ತ 65 ಲಕ್ಷ ಡಾಲರುಗಳ ಸಾಲಪತ್ರಗಳು ಮಾರಾಟವಾದುವು. ಅದು ಪ್ರತಿಯೆಂಬುದನ್ನು ಯಾರೂ ಮರೆಮಾಚಲಿಲ್ಲ. ಅದರ ಗೌರವವೂ ಕುಂದಲಿಲ್ಲ.

ಸ್ವತ್ತಿನ ವಿಚಾರದಲ್ಲಿ ಭೋಗಕ್ಕಿಂತಲೂ ಆಗಮವೇ, ಎಂದರೆ ಅದು ಬಂದ ದಾರಿಯೇ, ಪ್ರಬಲವಾದ ಪ್ರಮಾಣವೆಂದು ಯಾಜ್ಞವಲ್ಕ್ಯರು ವಿಧಿಸಿದ್ದಾರೆ. ಪತ್ರಸಂಗ್ರಾಹಕರಿಗೂ ಈ ಮಾತು ಸಲ್ಲುತ್ತದೆ. ಕಾಗದವನ್ನು ಕೈಗೆ ತೆಗೆದುಕೊಳ್ಳುವ ಮುನ್ನ ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂದು ಕೇಳಲಿ. ಆ ಕಾಗದ ತಮ್ಮ ಮನಸ್ಸಿಗೆ ಹಿತವಾದುದನ್ನೇ ಹೇಳುತ್ತಿದ್ದರೆ, ಇನ್ನೊಮ್ಮೆ ಕೇಳಲಿ.