ಮಾಗಡಿಯ ಕೆರೆಯ ಹೆಬ್ಬಾತುಗಳು

ಮಾಗಡಿಯೆಂದೊಡನೆ ಅನೇಕ ವಾಚಕರಿಗೆ ಬೆಂಗಳೂರಿನ ಸಮೀಪದ ಊರು ನೆನಪಾಗುವುದು ಸಹಜ. ನಾವು ಹೇಳಹೊರಟಿರುವುದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿಯ ವಿಷಯ. ಗದಗಿನಿಂದ ಸುಮಾರು 26 ಕಿಲೋಮೀಟರು. ಹೊಲಗಳ ನಡುವೆ ಕಟ್ಟಿದ ಸಾಧಾರಣವಾದ ಕೆರೆ. ನೋಟಕ್ಕೆ ಹೇಳಿಕೊಳ್ಳುವಂತಹ ಸೊಬಗಿಲ್ಲ. ಆದರೂ 2024ರಲ್ಲಿ ಇದು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಇದರ ಕೀರ್ತಿಗೆ ಕಾರಣವಾದುವು ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳು.

ಮಂಗೋಲಿಯ, ಟಿಬೆಟ್ಟು ಮೊದಲಾದ ಮಧ್ಯ ಏಷ್ಯದ ಎತ್ತರದ ನಾಡುಗಳೇ ಇವುಗಳ ತವರು. ಬೂದುಬಣ್ಣದ ಮೈ, ಬಿಳಿಯ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಇವು ಹಿಮಾಲಯವನ್ನು ದಾಟಿ ಬರುವಾಗ 7,000 ಮೀಟರುಗಳಿಗೂ ಮೇಲೆ ಹಾರಿದುದನ್ನು ವಿದ್ವಾಂಸರು ಯಂತ್ರ ಕಟ್ಟಿ ಅಳೆದಿದ್ದಾರೆ. ಹಾಗೆಂದು ಸದಾ ಅಷ್ಟು ಎತ್ತರದಲ್ಲಿ ಹಾರುವುವೆಂದು ಭಾವಿಸಬಾರದು. ತೆಳುವಾದ ಗಾಳಿಯಲ್ಲಿ ರೆಕ್ಕೆ ಬಡಿಯುವುದು ಬಲು ದುಬಾರಿ. ಆದುದರಿಂದ ಬೆಟ್ಟ ಏರಿದಲ್ಲಿ ಏರಿ, ಕಣಿವೆ ಇಳಿದಲ್ಲಿ ಇಳಿದು, ನೆಲವನ್ನನುಸರಿಸಿಯೇ ಸಾಗುವುವು.

ರಾತ್ರಿ ಹೊಲಗಳಲ್ಲಿ ಮೇಯುವುದು, ಹಗಲು ನೀರಿನ ಮೇಲೆ ವಿಶ್ರಮಿಸುವುದು ಇವುಗಳ ವಾಡಿಕೆ. ನಾವು ಜನವರಿಯ ಒಂದು ಬೆಳಗಿನ ಜಾವ ಏರಿಯ ಮೇಲೆ ನಿಂತಿದ್ದೆವು. ಮೊದಲು ಕೇಳಿದುದು ದನಿ. ಬಳಿಕ ಮೂಡಲಲ್ಲಿ ಒಂದು ಗೆರೆ. ಆ ಗೆರೆ ಬಾಣದ ಮೊನೆಯಾಯಿತು. ಈ ವ್ಯೂಹವು ಅಂದಕ್ಕಾಗಿ ಕಟ್ಟಿದುದಲ್ಲ. ಹಕ್ಕಿಯ ರೆಕ್ಕೆಯ ತುದಿಯಿಂದಾಚೆ ಗಾಳಿ ಮೇಲಕ್ಕೇಳುವುದು. ಹಿಂದಿನ ಹಕ್ಕಿ ಓರೆಯಾಗಿ ಹಾರಿದರೆ ಆ ಗಾಳಿಯ ಬೆಂಬಲ ದೊರೆಯುವುದು. ಐಬಿಸ್ ಎಂಬ ಕೆಂಬರಲಿನ ಜಾತಿಯ ಹಕ್ಕಿಗಳು ಅದಕ್ಕೆ ತಕ್ಕಂತೆ ರೆಕ್ಕೆಯ ತಾಳವನ್ನೂ ಹೊಂದಿಸಿಕೊಳ್ಳುವುವೆಂದು 2014ರಲ್ಲಿ ತಿಳಿದುಬಂದಿತು. ಮುಂದಿನ ಹಕ್ಕಿಗೆ ಈ ಲಾಭವಿಲ್ಲ. ಅವುಗಳಲ್ಲಿ ಆ ಸ್ಥಾನ ಸರದಿಯಂತೆ ಬದಲಾಗುವುದಂತೆ. ಮನುಷ್ಯರ ಸಭೆಗಳಲ್ಲಿ ಮುಂದಿನ ಸ್ಥಾನವನ್ನು ಹೀಗೆ ಬಿಟ್ಟುಕೊಟ್ಟವರನ್ನು ನಾವು ಹೆಚ್ಚಾಗಿ ಕಂಡಿಲ್ಲ!

ಇಳಿದ ಹಕ್ಕಿಗಳು ಗುಂಪಾಗಿಯೇ ಮಲಗಿದುವು. ಬಾತುಗಳ ನಿದ್ರೆಯೂ ವಿಚಿತ್ರ. ಸಾಲಾಗಿ ಮಲಗಿದ ಬಾತುಗಳಲ್ಲಿ ಅಂಚಿನವು ಹೊರಬದಿಯ ಒಂದು ಕಣ್ಣನ್ನು ತೆರೆದು, ಅರ್ಧ ಮಿದುಳಿನಿಂದ ಮಾತ್ರ ನಿದ್ರಿಸುವುದು ಹೆಚ್ಚೆಂದು 1999ರಲ್ಲಿ ಪರೀಕ್ಷಿಸಿ ತೋರಿಸಿದರು. ಜಾತ್ರೆಯಲ್ಲಿ ಗಂಟುಮೂಟೆಯ ಪಕ್ಕದಲ್ಲಿ ಮಲಗಿದ ಮನೆಯ ಹಿರಿಯನ ನಿದ್ರೆಯಂತೆ! ದಡಕ್ಕೊಂದು ನಾಯಿ ಬಂದಿತು. ಯಾರೂ ಅಪ್ಪಣೆ ಕೊಡಲಿಲ್ಲ; ಅಂಚಿನ ಕೆಲವು ಎದ್ದುವು, ಕ್ಷಣದಲ್ಲಿ ಇಡೀ ಹಿಂಡೇ ಎದ್ದಿತು. ರೋಮ್ ನಗರದ ಸ್ಟಾರ್ಲಿಂಗ್ ಹಕ್ಕಿಗಳ ಹಿಂಡನ್ನು ಅಳೆದವರು, ಪ್ರತಿಯೊಂದು ಹಕ್ಕಿಯೂ ನೆರೆಯ ಆರೇಳನ್ನು ಮಾತ್ರ ಗಮನಿಸುವುದೆಂದು 2008ರಲ್ಲಿ ಬರೆದರು. ಅಷ್ಟೇ ಸಾಕು, ಸುದ್ದಿ ಹಿಂಡಿನ ಕೊನೆಗೂ ಮುಟ್ಟುವುದು.

ಏರಿಯ ಕೆಳಗೆ ಒಬ್ಬ ವೃದ್ಧ ರೈತರು ಸಿಕ್ಕಿದರು. ಅವರ ಕಡಲೆಯ ಹೊಲದ ಒಂದು ಮೂಲೆ ಬೋಳಾಗಿತ್ತು. “ಕೂಗಿದ್ರ ಏಳ್ತಾವ್ರಿ, ಬಾಜೂ ಹೊಲಕ್ಕ ಹೋಗ್ತಾವ. ಅವರು ಕೂಗಿದ್ರ ತಿರುಗಿ ನಮ್ಮಲ್ಲಿಗೇ,” ಎಂದು ನಕ್ಕರು. ಕಲ್ಲೆಸೆಯುವುದಿಲ್ಲವೇ ಎಂದು ಕೇಳಿದೆವು. “ಅಷ್ಟು ದೂರದಿಂದ ಬಂದಾವಲ್ರಿ,” ಎಂದರು. ನೋಡಹೋಗುವ ನಮ್ಮಂಥವರ ಸಂತೋಷದ ವೆಚ್ಚವನ್ನು ಇಂತಹ ಹೊಲಗಳೇ ಭರಿಸುತ್ತಿವೆ. ಅದಕ್ಕೆ ತಕ್ಕ ಪರಿಹಾರ ಸಕಾಲದಲ್ಲಿ ಅವರ ಕೈಸೇರುವುದು ನ್ಯಾಯವೆಂದು ನಮಗೆ ತೋರುತ್ತದೆ.

ಹೋಗಬಯಸುವವರು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋಗಬೇಕು. ಸೂರ್ಯೋದಯಕ್ಕೆ ಮುಂಚೆಯೇ ಏರಿಯ ಮೇಲಿರಬೇಕು. ಹೊತ್ತೇರಿದ ಮೇಲೆ ಬಂದವರಿಗೆ ಮಲಗಿದ ಹಕ್ಕಿಗಳ ದರ್ಶನ ಮಾತ್ರ ಆದೀತು.