ಎಂಜಿನ್ನಿನ ಕಿವಿ

ರಾಯರಿಗೆ ಎಪ್ಪತ್ತೆರಡು ವರ್ಷ. ಅವರ ಮೋಟಾರುಗಾಡಿಗೆ ಇಪ್ಪತ್ತೊಂದು. ಅದನ್ನು ಮಾರಿಬಿಡಿರೆಂದು ಮಗನು ಪ್ರತಿ ವರ್ಷವೂ ಹೇಳುವನು. ಪ್ರತಿ ಆಯುಧಪೂಜೆಗೂ ರಾಯರು ಅದಕ್ಕೆ ಹಾರ ಹಾಕುವರು. ಈಚೆಗೆ ಆಗುಂಬೆಯ ಘಾಟಿಯನ್ನು ಏರುತ್ತಿದ್ದಾಗ ಹಿಂದೆ ಕುಳಿತಿದ್ದ ಮೊಮ್ಮಗಳು, "ತಾತ, ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು!" ಎಂದಳು. ರಾಯರಿಗೆ ಅದು ಕೇಳಿಸಲಿಲ್ಲ. ಕೇಳಿಸಲಿಲ್ಲವೆಂದು ಹೇಳಲೂ ಇಲ್ಲ. ಹೇಳಿದರೆ ಗಾಡಿಯ ಕೀಲಿಕೈಯೊಡನೆ ಮತ್ತೆ ಕೆಲವು ಸ್ವಾತಂತ್ರ್ಯಗಳೂ ಕೈಬಿಡುವುವೆಂದು ಅವರು ಬಲ್ಲರು.

ಉಪೇಕ್ಷಿಸತಕ್ಕ ಸದ್ದಲ್ಲ ಅದು. ಕಿಡಿಯಿಂದ ಹೊತ್ತಿದ ಜ್ವಾಲೆಯು ಸಿಲಿಂಡರಿನಲ್ಲಿ ಕ್ರಮವಾಗಿ ಹರಡಬೇಕು. ಅದು ತಲಪುವ ಮುನ್ನವೇ ಮೂಲೆಯಲ್ಲಿ ಉಳಿದ ಮಿಶ್ರಣವು ಒತ್ತಡಕ್ಕೂ ತಾಪಕ್ಕೂ ಸಿಕ್ಕಿ ತಾನಾಗಿ ಸಿಡಿದರೆ, ಅದರ ಅಲೆಗಳು ಲೋಹವನ್ನು ಬಡಿಯುತ್ತವೆ. ಬಹುಕಾಲ ಹೀಗೆ ನಡೆದರೆ ಪಿಸ್ಟನ್ನಿಗೆ ತೂತು ಬೀಳುವುದೂ ಉಂಟು.

ಅಮೆರಿಕದ ಡೇಟನ್ ನಗರದಲ್ಲಿ ಥಾಮಸ್ ಮಿಜ್ಲಿ ಎಂಬಾತನು 1916ರಲ್ಲಿ ಈ ಸದ್ದಿನ ಬೆನ್ನು ಹತ್ತಿದನು. ಕೆಂಪು ಬಣ್ಣವು ಶಾಖವನ್ನು ಹೀರುವುದೆಂಬ ಊಹೆಯಿಂದ ಇಂಧನಕ್ಕೆ ಬಣ್ಣ ಕಟ್ಟಹೊರಟು, ಕೈಗೆ ಸಿಕ್ಕಿದ ಅಯೋಡಿನನ್ನು ಬೆರಸಿದನು. ಸದ್ದು ಅಡಗಿತು, ಆದರೆ ಬೇರೆ ಕೆಂಪು ಬಣ್ಣಗಳಿಂದ ಏನೂ ಆಗಲಿಲ್ಲ! ಘುಣಾಕ್ಷರನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. 1921ರಲ್ಲಿ ಆತನ ತಂಡಕ್ಕೆ ಸೀಸದ ಸಂಯುಕ್ತವೊಂದು ದೊರೆಯಿತು. 1924ರಲ್ಲಿ ನ್ಯೂ ಜೆರ್ಸಿಯ ಕಾರ್ಖಾನೆಯಲ್ಲಿ ಐವರು ಕೆಲಸಗಾರರು ಅದರ ವಿಷದಿಂದ ಸತ್ತರೂ ಲೋಕವು ಅದನ್ನು ಬಿಡಲಿಲ್ಲ. ಭಾರತವು 2000ದಲ್ಲಿ ಬಿಟ್ಟಿತು. ಕಟ್ಟಕಡೆಗೆ ಅಲ್ಜೀರಿಯಾ 2021ರಲ್ಲಿ. ಎಂಜಿನ್ನಿನ ಬಾಯಿ ಮುಚ್ಚಿಸಲು ಎಷ್ಟು ಮಕ್ಕಳ ರಕ್ತದಲ್ಲಿ ಸೀಸ ಸೇರಿತೋ!

ಈಗಿನ ಉಪಾಯ ಬೇರೆ. ಒತ್ತಿದರೆ ಕೆಲವು ಹರಳುಗಳಲ್ಲಿ ವಿದ್ಯುತ್ತು ಹುಟ್ಟುವುದೆಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ಅಂಥ ಪದಾರ್ಥವುಳ್ಳ ಸೆನ್ಸರೊಂದನ್ನು ಎಂಜಿನ್ನಿನ ಮೈಗೆ ಬಿಗಿದಿರುತ್ತಾರೆ. ಬಡಿತವನ್ನು ಅದು ತಿಳಿಸಿದೊಡನೆ ಗಾಡಿಯ ಕಂಪ್ಯೂಟರು ಕಿಡಿಯನ್ನು ತುಸು ತಡವಾಗಿ ಹೊತ್ತಿಸುತ್ತದೆ.

ಊರಿನ ಮೆಕ್ಯಾನಿಕ್ಕನು ಪೆಟ್ರೋಲನ್ನೂ ರೇಡಿಯೇಟರಿನ ನೀರನ್ನೂ ಪ್ಲಗ್ಗುಗಳನ್ನೂ ನೋಡಿದನು. ಎಲ್ಲವೂ ಸರಿ, ಎಚ್ಚರಿಕೆಯ ದೀಪವೂ ಹೊತ್ತಿರಲಿಲ್ಲ. ತಂತಿ ಕಡಿದಿದ್ದರೆ ಹೊತ್ತುತ್ತಿತ್ತು. ಬಳಿಕ ಪರೀಕ್ಷಾಯಂತ್ರವನ್ನು ಜೋಡಿಸಿ, ಎಂಜಿನ್ನು ನಡೆಯುತ್ತಿರುವಾಗ ಸೆನ್ಸರು ಇರಬೇಕಾದ ಕಡೆ ಸಣ್ಣ ಸ್ಪ್ಯಾನರಿನಿಂದ ತಟ್ಟಿದನು. ಕಿಡಿಯ ಕಾಲವನ್ನು ತೋರಿಸುವ ಅಂಕಿ ಕದಲಲಿಲ್ಲ. ಆದರೆ ಸೆನ್ಸರಾದರೂ ಎಲ್ಲಿ? ಮುಂದೆ ಇಲ್ಲ, ಪಕ್ಕದಲ್ಲಿ ಇಲ್ಲ. ಅರ್ಧ ದಿನ ಹುಡುಕಿ, ಇನ್‌ಟೇಕ್ ಮ್ಯಾನಿಫೋಲ್ಡನ್ನೇ ಬಿಚ್ಚಿದ ಮೇಲೆ ಅದರ ಅಡಿಯಲ್ಲಿ, ದೂಳಿನ ನಡುವೆ, ಬೆಳ್ಳಿಯ ರೂಪಾಯಿಯಷ್ಟು ಅಗಲದ ಅದು ಕಂಡಿತು. ಹಿಂದೊಮ್ಮೆ ಯಾರೋ ಅದರ ಕೆಳಗೆ ವಾಷರೊಂದನ್ನು ಇಟ್ಟು, ಬೋಲ್ಟನ್ನು ಸಡಿಲವಾಗಿ ಬಿಟ್ಟಿದ್ದರು. ತಂತಿ ನೆಟ್ಟಗಿತ್ತು, ಹರಳೂ ನೆಟ್ಟಗಿತ್ತು. ಮೈಯ ನಡುಕ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ.

"ಕಿವುಡಾಗಿತ್ತು ಸ್ವಾಮಿ, ಅಷ್ಟೇ. ಆದರೆ ತಾನು ಕಿವುಡೆಂದು ಅದು ಹೇಳಲಿಲ್ಲ ನೋಡಿ," ಎಂದನು ಮೆಕ್ಯಾನಿಕ್ಕನು. ರಾಯರು ನಗಲಿಲ್ಲ.

ವಾಷರನ್ನು ತೆಗೆದು ಬೋಲ್ಟನ್ನು ಅಳತೆಗೆ ಬಿಗಿದು ತಟ್ಟಿದಾಗ ಅಂಕಿ ಒಡನೆ ಹಿಂಜರಿಯಿತು. ಭಾನುವಾರ ಮತ್ತೆ ಘಾಟಿಯಲ್ಲಿ ರಾಯರು, "ಈಗ ಕೇಳಿಸುತ್ತದೆಯೆ?" ಎಂದು ಮೊಮ್ಮಗಳನ್ನು ಕೇಳಿದರು.

"ಇಲ್ಲ. ನಿಮಗೆ?"

ಎರಡು ತಿರುವು ಕಳೆಯುವವರೆಗೆ ಅವರು ಸುಮ್ಮನಿದ್ದು, "ನನಗೆ ಅಂದೂ ಕೇಳಿಸಿರಲಿಲ್ಲ, ಮಗು," ಎಂದರು.

ಮರುವಾರ ಕಿವಿಯ ವೈದ್ಯರನ್ನು ಕಾಣಲು ಶಿವಮೊಗ್ಗೆಗೆ ಹೋದಾಗ ಗಾಡಿಯನ್ನು ಮಗನು ನಡೆಸಿದನು.